ನಂದಿಬೆಟ್ಟ ಹತ್ತಿದ ಹಳೇ ಬುಲೆಟ್ ಮತ್ತೆ ಯಾಕೆ ಸ್ಟಾರ್ಟ್ ಆಗಲ್ಲ?

ಪ್ರಶ್ನೆ: ನನ್ನದು ಕಬ್ಬಿಣದ ಬ್ಯಾರೆಲ್‌ನ, ಪಾಯಿಂಟ್ ಇರುವ ಹಳೇ ಬುಲೆಟ್ 350. ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ಎರಡು ಕಿಕ್ಕಿಗೇ ಸ್ಟಾರ್ಟ್ ಆಗುತ್ತೆ. ನಂದಿಬೆಟ್ಟ ಹತ್ತುವಾಗ ವಿಪರೀತ ಕಾಯುತ್ತೆ. ಮೇಲೆ ಕಾಫಿ ಕುಡಿದು ಬಂದು ಒದ್ದರೆ ಏಳಲ್ಲ, ಒಮ್ಮೊಮ್ಮೆ ಕಿಕ್ಕೇ ವಾಪಸ್ ಒದೆಯುತ್ತೆ. ಕಾರ್ಬುರೇಟರ್ ಬದಲಾಯಿಸಲಾ?

ಉತ್ತರ: ಬೇಡ. ಬೆಟ್ಟದ ಎತ್ತರವನ್ನೂ ದೂರಬೇಡಿ. ತುದಿ 1,478 ಮೀಟರ್, ನಿಮ್ಮೂರಿಗಿಂತ ಐನೂರು ಚಿಲ್ಲರೆ ಮೀಟರ್ ಮೇಲೆ ಅಷ್ಟೆ. ಅಷ್ಟಕ್ಕೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಣುಕು) ಬದಲಿಸುವ ಅಗತ್ಯ ಬೀಳುವುದಿಲ್ಲ. ಇಂಗ್ಲೆಂಡಿನ ರೆಡ್ಡಿಚ್‌ನಿಂದ ಬಂದು 1955ರಿಂದ ಮದ್ರಾಸಿನಲ್ಲಿ ಜೋಡಣೆಯಾದ ಈ ಗಾಡಿಯಲ್ಲಿ ಬಿಸಿಯ ತಕರಾರು ಹೆಚ್ಚಾಗಿ ಪಾಯಿಂಟ್ ಹತ್ತಿರವೇ ಸಿಗುತ್ತೆ.

ಪಾಯಿಂಟ್ ಅಂದರೆ ತೆರೆದುಕೊಂಡಾಗ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್. ಅದರ ಫೈಬರ್ ಹಿಮ್ಮಡಿ ಕ್ಯಾಮ್ (ಪಾಯಿಂಟ್ ತೆರೆಸುವ ತಿರುಗುವ ಉಬ್ಬು) ಮೇಲೆ ಉಜ್ಜುತ್ತಾ ಸವೆಯುತ್ತೆ. ಕ್ಯಾಮಿಗೆ ಒಂಚೂರು ಗ್ರೀಸ್ ಸವರದಿದ್ದರೆ ಇನ್ನೂ ಬೇಗ. ಅದು ಸವೆದಷ್ಟೂ ಗ್ಯಾಪ್ ಕಮ್ಮಿಯಾಗಿ ಪಾಯಿಂಟ್ ತಡವಾಗಿ ತೆರೆದುಕೊಳ್ಳುತ್ತೆ, ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ರಿಟಾರ್ಡ್ (ತಡ) ಆಗುತ್ತೆ. ತಡವಾಗಿ ಹೊತ್ತಿದ ಪೆಟ್ರೋಲ್ ಪಿಸ್ಟನ್ ತಳ್ಳುವ ಬದಲು ಹೆಡ್ಡನ್ನೂ ಸೈಲೆನ್ಸರ್ ಬೆಂಡನ್ನೂ ಕಾಯಿಸುತ್ತೆ. ಏರಿನಲ್ಲಿ ಕಾಯುವುದು ಹೀಗೆ.

ಗಾಡಿ ತಣ್ಣಗಿದ್ದಾಗ ಪಾಯಿಂಟ್ ಮೇಲಿನ ಕ್ಯಾಪ್ ತೆಗೆದು, ಪಾಯಿಂಟ್ ಪೂರ್ತಿ ತೆರೆದಿರುವ ಜಾಗಕ್ಕೆ ಇಂಜಿನ್ ತನ್ನಿ. ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ಗ್ಯಾಪ್ 0.35ರಿಂದ 0.40 ಮಿ.ಮೀ. ಇರಬೇಕು. ಮುಖ ಕರಕಲಾಗಿದ್ದರೆ ನಯವಾದ ಎಮರಿ ಹಾಳೆಯಿಂದ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಕುಳಿಯೇ ಬಿದ್ದಿದ್ದರೆ ಹೊಸದು ಹಾಕಿ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ತಿರುಗುಮುರುಗು ಮಾಡಿದರೆ ಕೆಲಸವೆಲ್ಲ ದಂಡ, ಯಾಕೆಂದರೆ ಗ್ಯಾಪ್ ಮುಟ್ಟಿದೊಡನೆ ಟೈಮಿಂಗ್ ಜರುಗುತ್ತೆ.

ಟೈಮಿಂಗ್‌ಗೆ ಪ್ಲಗ್ ಬಿಚ್ಚಿ, ಟಾಪ್ ಗೇರ್ ಹಾಕಿ, ಹಿಂದಿನ ಚಕ್ರ ತಿರುಗಿಸಿ. ಪ್ಲಗ್ ತೂತಿಗೆ ಬೆರಳಿಟ್ಟರೆ ಗಾಳಿ ಒತ್ತುವುದು ಗೊತ್ತಾಗುತ್ತೆ, ಅದೇ ಕಂಪ್ರೆಷನ್ ಸ್ಟ್ರೋಕ್. ಪಿಸ್ಟನ್ ತುದಿ ಮುಟ್ಟುವುದಕ್ಕೆ 0.4ರಿಂದ 0.8 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ಬಿಚ್ಚಿಕೊಳ್ಳಬೇಕು. ಪಾಯಿಂಟ್ ನಡುವೆ ಸಿಗರೇಟ್ ಕಾಗದದ ಚೂರು ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ. ಕಾಗದ ಸಡಿಲವಾದದ್ದೇ ಆ ಕ್ಷಣ. ಇಗ್ನಿಷನ್ ಆನ್ ಇದ್ದರೆ ಆಂಪಿಯರ್ ಮೀಟರ್ ಮುಳ್ಳೂ ಮೈನಸ್‌ನಿಂದ ನಡುವಿಗೆ ಬಂದು ಅದನ್ನೇ ತೋರಿಸುತ್ತೆ. ಪಾಯಿಂಟ್ ಕೂತಿರುವ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಜರುಗಿಸಿದರೆ ಅಡ್ವಾನ್ಸ್ (ಕಿಡಿ ಬೇಗ), ಅದೇ ದಿಕ್ಕಿಗಾದರೆ ರಿಟಾರ್ಡ್.

ಇನ್ನು ವಾಪಸ್ ಒದೆಯುವುದು. ಪಾಯಿಂಟ್ ಪ್ಲೇಟ್ ಕೆಳಗೆ, ಇಂಜಿನ್ ವೇಗ ಏರಿದಂತೆ ಕಿಡಿ ಬೇಗ ಹಾರಿಸುವ, ಸ್ಪ್ರಿಂಗ್ ಕಟ್ಟಿದ ಎರಡು ಅಡ್ವಾನ್ಸ್ ತೂಕಗಳಿವೆ. ಕ್ಯಾಮನ್ನು ಬೆರಳಲ್ಲಿ ತಿರುಗಿಸಿ ಬಿಡಿ, ಟಕ್ಕನೆ ಹಿಂದಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ ತೂಕ ಕಚ್ಚಿಕೊಂಡಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಆಗ ಕಿಕ್ ಹೊಡೆಯುವಾಗಲೂ ಟೈಮಿಂಗ್ ಅಡ್ವಾನ್ಸ್‌ನಲ್ಲೇ ನಿಂತಿರುತ್ತೆ, ಪೆಟ್ಟು ನಿಮ್ಮ ಕಾಲಿಗೆ. ಪಿವಟ್‌ಗೆ ಒಂದೊಂದು ಹನಿ ತೆಳು ಎಣ್ಣೆ ಬಿಡಿ, ಸ್ಪ್ರಿಂಗ್ ಹಳತಾಗಿದ್ದರೆ ಜೋಡಿಯಾಗಿಯೇ ಬದಲಿಸಿ.

ಟ್ಯಾಪೆಟ್ (ವಾಲ್ವ್ ಸಡಿಲ) ಕೂಡ ನೋಡಿ. ತಣ್ಣಗಿರುವಾಗ, ಪಿಸ್ಟನ್ ತುದಿಯಲ್ಲಿದ್ದು ಎರಡೂ ವಾಲ್ವ್ ಮುಚ್ಚಿರುವಾಗ, ವಾಲ್ವ್ ತೆರೆಸುವ ಪುಶ್‌ರಾಡ್ ಕಡ್ಡಿ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಬಿಗಿಯಾಗಿದ್ದರೆ ಕಾದಾಗ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತೆ.

ಬೆಟ್ಟದ ಮೇಲೇ ನಿಂತುಹೋದರೆ ಚೋಕ್ ಎಳೆಯಬೇಡಿ. ಪೆಟ್ರೋಲ್ ತುಂಬಿಕೊಂಡಿದೆ ಅನ್ನಿಸಿದರೆ ಇಗ್ನಿಷನ್ ಆಫ್, ಟ್ಯಾಪ್ ಬಂದ್, ಎಕ್ಸಲರೇಟರ್ ಪೂರ್ತಿ ತಿರುಗಿಸಿ, ಡಿಕಂಪ್ರೆಸರ್ (ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಹಿಡಿದು ಐದಾರು ಸಲ ತುಳಿಯಿರಿ. ಆಮೇಲೆ ಟ್ಯಾಪ್ ತೆರೆದು, ಇಗ್ನಿಷನ್ ಹಾಕಿ, ಎಕ್ಸಲರೇಟರ್ ಬಿಟ್ಟು, ಆಂಪಿಯರ್ ಮುಳ್ಳು ನಡುವಿಗೆ ಬರುವವರೆಗೆ ಡಿಕಂಪ್ರೆಸರ್ ಹಿಡಿದು ಮೆಲ್ಲಗೆ ಒತ್ತಿ. ಲಿವರ್ ಬಿಟ್ಟು, ಪೆಡಲ್ ಮೇಲೆ ಬರಲು ಬಿಟ್ಟು, ಒಂದೇ ಪೂರ್ತಿ ಕಿಕ್.

ಇಷ್ಟಾದ ಮೇಲೂ ಕಾದಾಗ ಮಾತ್ರ ಕೈಕೊಟ್ಟರೆ ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು ನೋಡಿ. ಕಿಡಿ ಹಳದಿಯಾಗಿ ಸೋತಿದ್ದು, ಪಾಯಿಂಟ್‌ನಲ್ಲೇ ಜೋರು ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ (ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಡಬ್ಬಿ) ಹೋಗಿದೆ. ತಣ್ಣಗಾದಾಗ ಸರಿಯಾಗಿ, ಕಾದಾಗ ಸಾಯುವ ಚಾಳಿ ಅದಕ್ಕೂ ಇದೆ, ಕಾಯಿಲ್‌ಗೂ ಇದೆ. ಕಂಡೆನ್ಸರ್ ಅಗ್ಗ, ಅದನ್ನೇ ಮೊದಲು ಬದಲಿಸಿ.