ಆರೋಪಿಯ ಮನಸ್ಸು, ಕೋರ್ಟಿನ ಪ್ರಶ್ನೆ, ಆಸ್ಪತ್ರೆಯ ಚೀಟಿ

ಮಂಗಳೂರಲ್ಲೋ ಉಡುಪಿಯಲ್ಲೋ ಕೊಲೆ ಆರೋಪಿಯೊಬ್ಬನಿಗೆ ಮಾನಸಿಕ ಕಾಯಿಲೆ ಇದೆ ಎಂದು ಸುದ್ದಿ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಒಂದೇ ಮಾತು: "ಸರ್ಟಿಫಿಕೇಟ್ ತಂದರೆ ಆಯ್ತು, ಹೊರಗೆ ಬರ್ತಾನೆ." ಅದು ಅಷ್ಟು ಸುಲಭವಲ್ಲ. ಯಾಕೆಂದು ತಿಳಿಯಲು 1843ರ ಲಂಡನ್‌ನಿಂದ ಶುರು ಮಾಡಬೇಕು.

ಆ ವರ್ಷ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಗೆ ಗುಂಡು ಹೊಡೆದ. ಪೀಲ್ ಪಕ್ಷದವರು ತನ್ನ ಬೆನ್ನುಬಿದ್ದಿದ್ದಾರೆ ಎಂಬ ಭ್ರಮೆ ಅವನಿಗಿತ್ತು. ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಜನ ರೊಚ್ಚಿಗೆದ್ದರು. ಆಮೇಲೆ ಮಾನಸಿಕ ಕಾಯಿಲೆ ಇರುವವನನ್ನು ಯಾವಾಗ ಅಪರಾಧಿಯಲ್ಲ ಎನ್ನಬಹುದು ಎಂದು ನ್ಯಾಯಾಧೀಶರು ಒಂದು ನಿಯಮ ಹೇಳಿದರು. 1860ರ ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್ ಅದೇ ಜಾಡಿನಲ್ಲಿ ಬಂತು. ಆಗ ನಮ್ಮ ಊರುಗಳು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. ರಾಜ್ಯ ಬದಲಾಯಿತು, ಜಿಲ್ಲೆ ಎರಡಾಯಿತು. ಮಾನಸಿಕ ಆರೋಗ್ಯದ ಕಾಯ್ದೆಯೂ 1912, 1987, 2017 ಅಂತ ಹೊಸದಾಗುತ್ತಾ ಹೋಯಿತು. 84 ಮಾತ್ರ ಅಲುಗಲಿಲ್ಲ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್. ನಂಬರ್ ಹೊಸದು, ಒಳಗಿನ ಮಾತು ಹಳೆಯದೇ.

ಆ ಸೆಕ್ಷನ್ ಕೇಳುವುದು ಇಷ್ಟು: ಕೃತ್ಯ ನಡೆದ ಹೊತ್ತಿನಲ್ಲಿ ತಾನೇನು ಮಾಡುತ್ತಿದ್ದೇನೆ, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯುವ ಶಕ್ತಿಯೇ ಅವನಿಗೆ ಇರಲಿಲ್ಲವೇ? ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ಇದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಸಾಲದು. ತಪ್ಪೆಂದು ಗೊತ್ತಿತ್ತು, ಆದರೆ ತಡೆದುಕೊಳ್ಳಲು ಆಗಲಿಲ್ಲ ಎಂದರೂ ನಡೆಯುವುದಿಲ್ಲ. ಆ ಶಕ್ತಿ ಇರಲಿಲ್ಲ ಎಂದು ತೋರಿಸಿಕೊಡುವ ಹೊಣೆ ಆರೋಪಿಯದು. 1964ರಲ್ಲಿ ಗುಜರಾತಿನ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹೊರೆಯನ್ನು ಸ್ವಲ್ಪ ಇಳಿಸಿತು. ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಿದ್ದಿರಬಹುದು ಎಂದು ಮನವರಿಕೆಯಾದರೆ ಸಾಕು. ಕೃತ್ಯದ ಹಿಂದೆ ಮುಂದೆ ಅವನು ಹೇಗಿದ್ದ ಎಂದೂ ನೋಡಬೇಕು ಎಂದಿತು.

ನಿಜವಾದ ಕಷ್ಟ ಇರುವುದು ಈ 'ಹಿಂದೆ' ಎಂಬುದರಲ್ಲೇ. ಮನೋವೈದ್ಯರು ಆರೋಪಿಯನ್ನು ನೋಡುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಅಷ್ಟರಲ್ಲಿ ಕಾಯಿಲೆ ಏರಿರಬಹುದು, ಇಳಿದಿರಬಹುದು. ಹಾಗಾಗಿ ಕೃತ್ಯಕ್ಕೆ ಮೊದಲಿನ ಚಿಕಿತ್ಸೆಯ ಕಾಗದಕ್ಕೆ ಬೆಲೆ ಜಾಸ್ತಿ. 2007ರಿಂದ 2017ರವರೆಗಿನ ಹೈಕೋರ್ಟ್ ತೀರ್ಪುಗಳನ್ನು ಓದಿದ ಸಂಶೋಧಕರಿಗೂ ಕಂಡದ್ದು ಅದೇ. ಈ ವಾದ ಗೆದ್ದದ್ದು ಐದರಲ್ಲಿ ಒಂದಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ಗೆದ್ದ ಕಡೆ ಹಳೆಯ ದಾಖಲೆ ಮತ್ತು ಮನೋವೈದ್ಯರ ಅಭಿಪ್ರಾಯ ಕೈಹಿಡಿದಿದ್ದವು.

ಆದರೆ ನಮ್ಮ ಮನೆಗಳಲ್ಲಿ ಕಾಗದ ಎಲ್ಲಿರುತ್ತದೆ? ಹುಡುಗ ಒಬ್ಬನೇ ಮಾತಾಡುತ್ತಾನೆ, ನಿದ್ದೆ ಇಲ್ಲ ಎಂದರೆ ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ದೈವದ ಮುಂದೆ ನಿಂತು ಕೇಳುತ್ತಾರೆ. ದರ್ಗಾಕ್ಕೂ ಹೋಗಿ ಬರುತ್ತಾರೆ. ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೈವದ ನುಡಿಯನ್ನು ಕೋರ್ಟಿಗೆ ತಂದು ಕೊಡಲಾಗುವುದಿಲ್ಲ ಅಲ್ವಾ? ಡಾಕ್ಟರಿಗೆ ತೋರಿಸಿದರೂ, ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಚೀಟಿ ಹರಿದುಹಾಕುವವರಿದ್ದಾರೆ. ಮಂಗಳೂರು, ಮಣಿಪಾಲದಲ್ಲಿ 1950ರ ದಶಕದಿಂದಲೇ ಮೆಡಿಕಲ್ ಕಾಲೇಜುಗಳಿವೆ. ಆದರೂ ಕೂಲಿ ಮಾಡುವ ಮನೆಯ ಹುಡುಗ ಕಟಕಟೆಯಲ್ಲಿ ಬರಿಗೈಯಲ್ಲಿ ನಿಲ್ಲುವಂತಾದರೆ, ಅವನ ಕಾಯಿಲೆ ಸುಳ್ಳಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಇದರ ಜೊತೆ ಕಲಸಿಹೋಗುತ್ತದೆ. ಅಂದು ಅವನ ಮನಸ್ಥಿತಿ ಹೇಗಿತ್ತು ಎನ್ನುವುದು ಒಂದು. ಇಂದು ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇದ್ದಾನೆಯೇ ಎನ್ನುವುದು ಬೇರೆಯೇ. ಇಲ್ಲ ಎಂದಾದರೆ ವಿಚಾರಣೆಯನ್ನು ಮುಂದೂಡುತ್ತಾರೆ, ಕೇಸು ಮುಗಿಯುವುದಿಲ್ಲ. ಅಸ್ಸಾಂನ ಮಾಚಾಂಗ್ ಲಾಲುಂಗ್ 1951ರಲ್ಲಿ ಬಂಧನಕ್ಕೊಳಗಾದರು. ವಿಚಾರಣೆಯೇ ಇಲ್ಲದೆ 54 ವರ್ಷ ಕಳೆದು 2005ರಲ್ಲಿ ಹೊರಬಂದರು. ಇಂಥ ವಿಷಯ ಓದಿದ ಮೇಲೂ "ಪಾರಾದ" ಎಂದು ಸುಮ್ನೆ ಹೇಳಿಬಿಡಲು ನನಗೆ ಬಾಯಿ ಬರುವುದಿಲ್ಲ.

2017ರ ಕಾಯ್ದೆ ಕಾಯಿಲೆಯಿರುವ ಕೈದಿಗಳಿಗೂ ಚಿಕಿತ್ಸೆ ಸಿಗಬೇಕು ಎನ್ನುತ್ತದೆ. ಮಂಗಳೂರಿನ ಕೊಡಿಯಾಲಬೈಲಿನ ಜೈಲಿಗೂ, ಉಡುಪಿಯ ಹಿರಿಯಡ್ಕದ ಜೈಲಿಗೂ ಅದು ಅನ್ವಯ. ಬಂಧನವಾದ ಮೊದಲ ದಿನಗಳಲ್ಲೇ ಮನೋವೈದ್ಯರು ನೋಡಿ ಬರೆದಿಟ್ಟರೆ ಮುಂದಿನ ಅರ್ಧ ಜಗಳ ಇರುವುದಿಲ್ಲ ಎಂದು ನನಗನ್ನಿಸುತ್ತದೆ.

ವಾದ ಗೆದ್ದು ಖುಲಾಸೆಯಾದರೂ ಸೀದಾ ಮನೆಗೆ ಕಳಿಸುವುದಿಲ್ಲ. ಕೃತ್ಯ ಮಾಡಿದ್ದು ಅವನೇ ಎಂದು ಕೋರ್ಟ್ ತೀರ್ಪಿನಲ್ಲಿ ಬರೆಯುತ್ತದೆ. ಆಮೇಲೆ ಸುರಕ್ಷಿತ ಜಾಗದಲ್ಲಿ ಇಡಲು ಹೇಳಬಹುದು. ಇಲ್ಲವೇ ಸಂಬಂಧಿಕರೊಬ್ಬರು ಅರ್ಜಿ ಹಾಕಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ, ಅವನಿಗೂ ಬೇರೆಯವರಿಗೂ ಅಪಾಯ ಆಗದಂತೆ ಕಾಯುತ್ತೇವೆ, ಕರೆದಾಗ ತಂದು ತೋರಿಸುತ್ತೇವೆ ಎಂದು ಜಾಮೀನು ಕೊಡಬೇಕು.