ಈಸ್ಟ್ರೋಜನ್ ಗ್ರಾಹಕ: ಮೂವರಲ್ಲಿ ಒಬ್ಬರಿಗೆ ಮಾತ್ರ ಏಕೆ?

ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ವರದಿ ಪ್ರಕಟಿಸಿದಾಗ ‘ಹಾರ್ಮೋನ್’ ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ. ಸ್ತನ ಕ್ಯಾನ್ಸರ್ ಉಲ್ಬಣಿಸಿದ್ದ ಮಹಿಳೆಯ ಅಂಡಾಶಯಗಳನ್ನು ತೆಗೆದ ಬಳಿಕ ಗಡ್ಡೆ ಕರಗಿದ್ದನ್ನು ಅವರು ದಾಖಲಿಸಿದ್ದರು. ಬೇರೆ ವೈದ್ಯರು ಅದೇ ಶಸ್ತ್ರಚಿಕಿತ್ಸೆ ಮಾಡಿದಾಗ ಸುಮಾರು ಮೂವರಲ್ಲಿ ಒಬ್ಬರಿಗಷ್ಟೇ ಗುಣ ಕಂಡಿತು. ಉಳಿದವರು ಅಂಡಾಶಯವನ್ನೂ ಕಳೆದುಕೊಂಡರು, ರೋಗವೂ ಬಿಡಲಿಲ್ಲ. ಆ ಒಬ್ಬರು ಯಾರೆಂದು ಮೊದಲೇ ಹೇಳಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಯಾರಿಂದಲೂ ಆಗಲಿಲ್ಲ.

ಉತ್ತರದ ಎಳೆ ಸಿಕ್ಕಿದ್ದು 1950ರ ದಶಕದ ಕೊನೆಗೆ, ಷಿಕಾಗೋದಲ್ಲಿ. ಎಲ್ವುಡ್ ಜೆನ್ಸನ್ ಮತ್ತು ಹರ್ಬರ್ಟ್ ಜೇಕಬ್ಸನ್ ವಿಕಿರಣಶೀಲ ಹೈಡ್ರೋಜನ್‌ನ ಗುರುತು ಹಾಕಿದ, ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾಗುವ ಹಾರ್ಮೋನ್ ಆದ ಈಸ್ಟ್ರೋಜನ್ ಅನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ ನೋಡಿದಾಗ, ಗರ್ಭಕೋಶದಂಥ ಕೆಲವೇ ಅಂಗಗಳು ಅದನ್ನು ಹಿಡಿದಿಟ್ಟುಕೊಂಡವು. ಹಾಗೆ ಹಿಡಿಯುವ ಪ್ರೋಟೀನೇ ಗ್ರಾಹಕ. ಗಡ್ಡೆಯ ಕೋಶಗಳಲ್ಲಿ ಅದಿದ್ದರೆ ಈಸ್ಟ್ರೋಜನ್ ತಡೆಯುವ ಹಾರ್ಮೋನ್ ಚಿಕಿತ್ಸೆ ಫಲಿಸುವ ಸಂಭವವಿದೆ, ಇಲ್ಲದಿದ್ದರೆ ಬಹುಮಟ್ಟಿಗೆ ಇಲ್ಲ.

ಗರ್ಭನಿರೋಧಕವಾಗಲೆಂದು ಬ್ರಿಟನ್ನಿನಲ್ಲಿ ಡೋರಾ ರಿಚರ್ಡ್‌ಸನ್ 1962ರಲ್ಲಿ ತಯಾರಿಸಿದ, ಆ ಕೆಲಸಕ್ಕೆ ಒದಗದೆ ಹೋದ ಟಮಾಕ್ಸಿಫೆನ್, ಗ್ರಾಹಕಕ್ಕೆ ತಾನೇ ಅಂಟಿಕೊಂಡು ಈಸ್ಟ್ರೋಜನ್‌ಗೆ ಜಾಗ ಬಿಡುವುದಿಲ್ಲ. ಗ್ರಾಹಕವಿರುವವರು ಈ ಮಾತ್ರೆಯನ್ನು 5 ವರ್ಷ ತೆಗೆದುಕೊಂಡರೆ, 15 ವರ್ಷಗಳ ಅವಧಿಯಲ್ಲಿ ಈ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಗ್ರಾಹಕವಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ.

ಹೀಗಾಗಿ ಎಲ್ಲವೂ ನಿಂತಿರುವುದು ಗಡ್ಡೆಯ ತೆಳು ಚೂರನ್ನಿಟ್ಟು, ಗ್ರಾಹಕ ಗುರುತಿಸುವ ಬಣ್ಣ ಹಾಕಿದ ಒಂದು ಗಾಜಿನ ಪಟ್ಟಿಯ ಮೇಲೆ. ಗ್ರಾಹಕವಿರುವ ಕೋಶಗಳ ನಡುಬೀಜ (ನ್ಯೂಕ್ಲಿಯಸ್) ಸೂಕ್ಷ್ಮದರ್ಶಕದಡಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಣ್ಣ ಹಿಡಿಯಬೇಕಾದಲ್ಲಿ ಹಿಡಿಯದೆ ಹೋದರೆ ರೋಗಿಗೆ ಸಲ್ಲಬೇಕಾದ ಮಾತ್ರೆಯೇ ತಪ್ಪಿಹೋಗುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಆದದ್ದು ಇದೇ: 1997ರಿಂದ 2005ರವರೆಗಿನ ಪರೀಕ್ಷೆಗಳನ್ನು ಮತ್ತೆ ಮಾಡಿಸಿದಾಗ 350ಕ್ಕೂ ಹೆಚ್ಚು ಮಹಿಳೆಯರ ಫಲಿತಾಂಶ ತಪ್ಪಾಗಿತ್ತು. ಅವರಲ್ಲಿ ಎಷ್ಟೋ ಮಂದಿ ಅಷ್ಟರೊಳಗೆ ತೀರಿಕೊಂಡಿದ್ದರು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ಬೆರಳು ಮಾಡಿದ್ದು ಪ್ರಯೋಗಾಲಯದ ಗುಣಮಟ್ಟ ನಿಯಂತ್ರಣದ ಕೊರತೆಯತ್ತ.

ಮರುವರ್ಷ ಅಮೆರಿಕದ ತಜ್ಞರು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಕತ್ತರಿಸಿ ತೆಗೆದ ಗಡ್ಡೆ ಒಂದು ಗಂಟೆಯೊಳಗೆ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಸೇರಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಶಸ್ತ್ರಚಿಕಿತ್ಸೆ ಒಂದೂರಿನಲ್ಲಿ, ಪ್ರಯೋಗಾಲಯ ಇನ್ನೊಂದೂರಿನಲ್ಲಿ ಇರುವಾಗ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಗಡ್ಡೆ ತೆಗೆದ ಹೊತ್ತನ್ನೂ ಫಾರ್ಮಲಿನ್‌ಗೆ ಹಾಕಿದ ಹೊತ್ತನ್ನೂ ಬರೆದಿಡಬೇಕೆಂದು ಅದೇ ಮಾರ್ಗಸೂಚಿ ಹೇಳಿರುವುದು ಅದಕ್ಕಾಗಿಯೇ.