ಹೊರದೇಶದ ಅನಾಥಾಶ್ರಮದಲ್ಲಿ ಒಂದು ತಿಂಗಳ ಮಕ್ಕಳ ಸೇವೆ: ಹೋಗಬಹುದೇ?

ಪ್ರಶ್ನೆ: ಓದು ಮುಗಿದಿದೆ, ಕೆಲಸಕ್ಕೆ ಸೇರುವ ಮೊದಲು ಒಂದು ತಿಂಗಳು ಬಿಡುವಿದೆ. ನೇಪಾಳದಲ್ಲೋ ಕಾಂಬೋಡಿಯಾದಲ್ಲೋ ಅನಾಥಾಶ್ರಮದ ಮಕ್ಕಳನ್ನು ನೋಡಿಕೊಳ್ಳುವ ಸ್ವಯಂಸೇವೆಗೆ ಹೋಗುವ ಆಸೆ. ಕಳಿಸಿಕೊಡುವ ಸಂಸ್ಥೆ ಶುಲ್ಕ ಕೇಳುತ್ತಿದೆ, ಅನುಭವವೇನೂ ಬೇಡ ಅನ್ನುತ್ತಿದೆ. ಹೋಗಲೇ?

ಉತ್ತರ: ಮಕ್ಕಳನ್ನು ನೇರವಾಗಿ ನೋಡಿಕೊಳ್ಳುವ ಕೆಲಸಕ್ಕಾದರೆ ದಯವಿಟ್ಟು ಹೋಗಬೇಡಿ. ನಿಮ್ಮ ಮನಸ್ಸು ಒಳ್ಳೆಯದೆಂಬುದರಲ್ಲಿ ನನಗೆ ಅನುಮಾನವಿಲ್ಲ. ತೊಂದರೆ ಇರುವುದು ಆ ಒಂದು ತಿಂಗಳಿನಲ್ಲಿ.

ಇಂಥ ಆಶ್ರಮದ ಅಂಗಳಕ್ಕೆ ಕಾಲಿಟ್ಟು ಐದು ನಿಮಿಷವಾಗಿರುವುದಿಲ್ಲ, ಮೂರೋ ನಾಲ್ಕೋ ವರ್ಷದ ಮಗುವೊಂದು ಓಡಿಬಂದು ನಿಮ್ಮ ಕಾಲನ್ನು ತಬ್ಬಿಕೊಳ್ಳುತ್ತದೆ. ಎರಡೂ ಕೈ ಚಾಚಿ ಎತ್ತಿಕೋ ಅನ್ನುತ್ತದೆ. ಎಂಥವರ ಕಣ್ಣೂ ತುಂಬಿಬರುತ್ತದೆ. ಆದರೆ ಒಂದು ಕ್ಷಣ ಯೋಚಿಸಿ. ಮನೆಯಲ್ಲಿ ಬೆಳೆದ ಅದೇ ವಯಸ್ಸಿನ ಮಗು ಹೊಸಬರನ್ನು ಕಂಡರೆ ಅಮ್ಮನ ಬೆನ್ನ ಹಿಂದೆ ಸರಿಯುತ್ತದೆ, ಅಲ್ಲಿಂದಲೇ ಇಣುಕುತ್ತದೆ. ಯಾರು ತನ್ನವರು, ಯಾರು ಹೊರಗಿನವರು ಎಂಬುದು ಅದಕ್ಕೆ ಗೊತ್ತು. ಯಾರ ಬಳಿಯಾದರೂ ಹೋಗಿಬಿಡುವ ಆ ಸಲಿಗೆಯನ್ನು ಮನೋವಿಜ್ಞಾನಿಗಳು ಆಸರೆ ತಪ್ಪಿದ ಮಗುವಿನ ಲಕ್ಷಣವೆಂದೇ ಗುರುತಿಸುತ್ತಾರೆ. ನಿಮ್ಮ ಹಿಂದೆ ಇನ್ನೊಬ್ಬರು ಬರುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಪ್ರತಿಯೊಬ್ಬರೂ ಅತ್ತು, ಮುದ್ದಿಸಿ, ವಿಮಾನ ಹತ್ತುತ್ತಾರೆ. ಗೇಟಿನ ಬಳಿ ಉಳಿಯುವುದು ಮಗು.

ಇದು ಬರೀ ಭಾವನೆಯ ಮಾತಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದು ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಕೊಟ್ಟರು, ಉಳಿದವರಿಗೆ ಅಲ್ಲಿದ್ದ ವ್ಯವಸ್ಥೆಯೇ ಮುಂದುವರಿಯಿತು. ಕುಟುಂಬ ಸೇರಿದವರು ಬುದ್ಧಿಯ ಬೆಳವಣಿಗೆಯಲ್ಲಿ, ಒಬ್ಬರನ್ನು ನೆಚ್ಚಿಕೊಳ್ಳುವುದರಲ್ಲಿ ಮುಂದಾದರು. ಎರಡು ವರ್ಷ ತುಂಬುವ ಮೊದಲೇ ಹೋದವರು ಇನ್ನೂ ಹೆಚ್ಚು ಚೇತರಿಸಿಕೊಂಡರು. ಸೂರು, ಊಟ, ಬಟ್ಟೆ ಸಾಕಾಗಲಿಲ್ಲ. ಬೆಳಿಗ್ಗೆಯೂ ಅದೇ ಮುಖ, ರಾತ್ರಿಯೂ ಅದೇ ಮುಖ, ನಾಳೆಯೂ ಅದೇ ಮುಖ ಬೇಕಿತ್ತು. ಒಂದು ತಿಂಗಳಿಗೆ ಬಂದವರು ಕೊಡಲಾಗದ್ದು ಇದೊಂದನ್ನೇ.

ಇನ್ನು ನೀವು ಕಟ್ಟುವ ಶುಲ್ಕದ ವಿಚಾರ. ಇದು ನನ್ನನ್ನು ಹೆಚ್ಚು ಕಾಡುತ್ತದೆ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಮಕ್ಕಳ ವಸತಿಗೃಹಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಆಗ ಅಲ್ಲಿ ಯುದ್ಧವಿರಲಿಲ್ಲ. ಬಂದದ್ದು ಪ್ರವಾಸಿಗರು, ದಾನಿಗಳು. ಆ ವಸತಿಗೃಹಗಳಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆಯೋ ತಾಯಿಯೋ ಇದ್ದರು. ನೇಪಾಳದಲ್ಲಿ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋದರು, ನಿಮ್ಮ ಮಗುವನ್ನು ಓದಿಸುತ್ತೇವೆ ಎಂದು ನಂಬಿಸಿ ಕರೆತಂದರು, ಬದುಕಿದ್ದ ಅಪ್ಪ ಅಮ್ಮನನ್ನು ಕಾಗದದ ಮೇಲೆ ಸಾಯಿಸಿದರು. ಎಲ್ಲ ಆಶ್ರಮಗಳೂ ಹೀಗಲ್ಲ, ನಿಜ. ಆದರೆ ಬರುವವರ ಹಣ ಮಗುವಿನ ತಲೆ ಎಣಿಸಿ ಬರುವಾಗ, ಆ ಮಗುವನ್ನು ಮನೆಗೆ ಕಳಿಸುವ ಆತುರ ಯಾರಿಗಿರುತ್ತದೆ? 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಶ್ರಮ ಪ್ರವಾಸ ಮತ್ತು ಸ್ವಯಂಸೇವೆಯ ಅಪಾಯವನ್ನು ಹೆಸರಿಸಿಯೇ ಹೇಳಿತು.

ಹಾಗಾದರೆ ಸುಮ್ಮನಿರಬೇಕೇ? ಬೇಡ. ಆ ಸಂಸ್ಥೆಗೆ ಮೊದಲು ಒಂದು ಪತ್ರ ಬರೆಯಿರಿ. ನನ್ನ ಪೊಲೀಸ್ ದಾಖಲೆ ಪರಿಶೀಲಿಸುತ್ತೀರಾ, ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದಾರೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು ಎಂದು ಕೇಳಿ. ಪಾಸ್‌ಪೋರ್ಟ್ ಪ್ರತಿ, ಹಣ ಇಷ್ಟೇ ಸಾಕು ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ಯಾರೆಂದು ವಿಚಾರಿಸದೆ ನಿಮ್ಮನ್ನು ಮಕ್ಕಳ ಕೋಣೆಗೆ ಬಿಡುವವರು ಇನ್ನೊಬ್ಬರನ್ನೂ ಹಾಗೆಯೇ ಬಿಡುತ್ತಾರೆ.

ಕೈಯಲ್ಲಿ ಕಸುಬಿದ್ದರೆ ಅದನ್ನು ಅಲ್ಲೇ ಉಳಿಯುವ ದೊಡ್ಡವರಿಗೆ ಕೊಡಿ. ಮಾತಿನ ಚಿಕಿತ್ಸೆ ಬಲ್ಲವರು ಒಂದು ತಿಂಗಳು ಸ್ಥಳೀಯ ಆರೈಕೆದಾರರಿಗೆ ಕಲಿಸಿದರೆ ಅದು ಮುಂದೆಯೂ ಮಕ್ಕಳಿಗೆ ದಕ್ಕುತ್ತದೆ. ಲೆಕ್ಕಪತ್ರ, ಕಂಪ್ಯೂಟರ್, ಅನುವಾದ ಬಲ್ಲವರು ಕುಟುಂಬಗಳನ್ನು ಒಡೆಯದಂತೆ ಉಳಿಸುವ, ಮಕ್ಕಳನ್ನು ಮನೆ ಸೇರಿಸುವ ಸಂಸ್ಥೆಗಳಿಗೆ ದುಡಿಯಬಹುದು, ಅದೂ ಎಷ್ಟೋ ಸಲ ಕೂತಲ್ಲಿಂದಲೇ. ಇದಾವುದೂ ಇಲ್ಲದಿದ್ದರೆ ವಿಮಾನದ ಟಿಕೆಟ್ಟಿಗೆ ಎತ್ತಿಟ್ಟ ಹಣವನ್ನು ಅಂಥ ಕೆಲಸಕ್ಕೇ ಕೊಡಿ. ಬಡತನಕ್ಕೆ ಹೆದರಿ ಮಗುವನ್ನು ಆಶ್ರಮಕ್ಕೆ ಬಿಡಲು ಹೊರಟ ತಾಯಿಗೆ ಬೇಕಾದದ್ದು ಬಹಳ ಸಲ ಶಾಲೆಯ ಖರ್ಚು ಮತ್ತು ಒಂದಿಷ್ಟು ದುಡಿಮೆ.

ಈಗಾಗಲೇ ಅಲ್ಲಿದ್ದುಕೊಂಡು ಇದನ್ನು ಓದುತ್ತಿರುವವರಿಗೂ ಒಂದು ಮಾತು. ಹೊರಡುವ ದಿನವನ್ನು ಮಕ್ಕಳಿಗೆ ಮುಂಚೆಯೇ ತಿಳಿಸಿ, ಕದ್ದು ಹೊರಡಬೇಡಿ. ಬರುವುದು ಖಚಿತವಿಲ್ಲದಿದ್ದರೆ ಮತ್ತೆ ಬರುತ್ತೇನೆ ಅನ್ನಬೇಡಿ. ನೀವು ಮರೆತರೂ ಮಗು ದಿನ ಎಣಿಸುತ್ತಿರುತ್ತದೆ.